ಸಬ್ ಮಾತ್ರ ನೋಡೋ ಮಹಾಶಯರೇ

ಬೆಂಗಳೂರಿನ ಐಟಿ ಆಫೀಸುಗಳ ಪ್ಯಾಂಟ್ರಿಯಲ್ಲಿ ಹೊಸದೊಂದು ಮಡಿ ಶುರುವಾಗಿದೆ. ಅನಿಮೆ ನೋಡೋದಾದ್ರೆ ಜಪಾನಿ ಆಡಿಯೊದಲ್ಲೇ ನೋಡಬೇಕು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡ್ತಿರಬೇಕು. ಡಬ್ ನೋಡುವವರು ಪಂಕ್ತಿಯಿಂದ ಆಚೆ. "ನಾನು ಸಬ್ ಮಾತ್ರ" ಅನ್ನೋದನ್ನ ಜನ ಈಗ "ನಾನು ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ" ಅನ್ನುವ ಧಾಟಿಯಲ್ಲಿ ಹೇಳ್ತಾರೆ.

ನನಗೆ ಇದರ ಬಗ್ಗೆ ತಕರಾರು ಇರಲಿಲ್ಲ. ಅವರವರ ಕಿವಿ, ಅವರವರ ಕಣ್ಣು. ಆದರೆ 2025ರ ಸೆಪ್ಟೆಂಬರ್ 12ರಂದು ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಭಾರತದ ಥಿಯೇಟರುಗಳಿಗೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಐದು ಭಾಷೆ. ಕನ್ನಡ ಇಲ್ಲ. ಆ ಪಟ್ಟಿಯನ್ನ ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿ "ನಮ್ಮದೊಂದು ಬಿಟ್ಟು ಎಲ್ಲಾ ಇದೆಯಲ್ರಪ್ಪ" ಅಂದೆ. ಮೈಸೂರು ಕಡೆಯ ಅಪ್ಪಟ ಕನ್ನಡದ ಹುಡುಗನೊಬ್ಬ, ಪ್ರತಿ ನವೆಂಬರ್ ಒಂದನೇ ತಾರೀಕು ಹಳದಿ ಕೆಂಪು ಶಾಲು ಹೊದ್ದು ಡಿಪಿ ಬದಲಿಸುವವನು, ತಕ್ಷಣ ಉತ್ತರ ಹಾಕಿದ: "ಒಳ್ಳೇದೇ ಆಯ್ತು ಬಿಡಿ ಬ್ರೋ. ಕನ್ನಡದಲ್ಲಿ ಬಂದಿದ್ರೆ ಕಾಮಿಡಿ ಆಗಿರೋದು." ಅದಕ್ಕೆ ಹದಿನೇಳು ಜನ ನಗುವ ಇಮೋಜಿ ಒತ್ತಿದರು.

ಈ ಲೇಖನ ಆ ಹದಿನೇಳು ಜನಕ್ಕೆ.

ನಾನು ಹೊನ್ನಾಳಿಯವನು. ಅಕ್ಕನನ್ನ ಕೊಟ್ಟಿರೋದು ನ್ಯಾಮತಿಗೆ. ದಾವಣಗೆರೆ ಜಿಲ್ಲೆ ಅಂದ್ರೆ ಬೆಣ್ಣೆದೋಸೆ ಅಂತಷ್ಟೇ ತಿಳಿದವರಿಗೆ ಹೇಳ್ತೀನಿ: ಅಡಿಕೆ ತೋಟ ಮತ್ತು ಸೂಳೆಕೆರೆಯ ಚನ್ನಗಿರಿ, ತುಂಗಭದ್ರೆ ದಂಡೆಯ ಹೊನ್ನಾಳಿ, ಹೊನ್ನಾಳಿಯಿಂದ ಒಡೆದು ಈಚೆಗೆ ಬೇರೆ ತಾಲ್ಲೂಕಾದ ನ್ಯಾಮತಿ, ಇನ್ನೊಂದು ತುದಿಯಲ್ಲಿ ಮಳೆಗೆ ಆಕಾಶ ನೋಡ್ತಾ ಕೂತ ಜಗಳೂರು, ಇವೂ ಅದೇ ಜಿಲ್ಲೆಯವು. ಈ ಊರುಗಳಲ್ಲಿ ಅನಿಮೆ ಅನ್ನೋದು ನಿಮ್ಮ ಇಂದಿರಾನಗರದ ಕೆಫೆಯಷ್ಟೇ ಮಾಮೂಲಿ. ಬೈಕಿನ ಟ್ಯಾಂಕಿನ ಮೇಲೆ ಅಪ್ಪು ಸ್ಟಿಕ್ಕರಿನ ಪಕ್ಕ ಇಟಾಚಿಯ ಕೆಂಪು ಕಣ್ಣು ಅಂಟಿಸಿಕೊಂಡ ಹುಡುಗರನ್ನ ನಾನು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲೇ ನೋಡಿದ್ದೀನಿ. ಮೊಬೈಲ್ ಕವರಿನ ಮೇಲೆ ಲೂಫಿ, ಕಾಲೇಜು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬಾಲ್ ಪೆನ್ನಿನಿಂದ ತಿದ್ದಿದ ಗೊಜೊ.

ಅವರು ನೋಡೋದು ಹೇಗೆ ಅನ್ನೋದು ಪ್ರಶ್ನೆ. ಜಗಳೂರಿನ ನನ್ನ ಗೆಳೆಯನ ತಮ್ಮ ‘ಜುಜುತ್ಸು ಕೈಸೆನ್’ ನೋಡೋದು ತೆಲುಗಿನಲ್ಲಿ. ಸಿನಿಮಾ ನೋಡಿ ನೋಡಿ ಅವನಿಗೆ ತೆಲುಗು ಬರುತ್ತೆ. ಚನ್ನಗಿರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರೋ ಪರಿಚಯದ ಹುಡುಗನ ಮನೆಮಾತು ಉರ್ದು, ಅವನು ಹಿಂದಿಯಲ್ಲಿ ನೋಡ್ತಾನೆ. ನನ್ನ ಅಕ್ಕನ ಮಗಳು, ಹದಿನಾರು ವರ್ಷ, ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು, ತೆಲುಗೂ ಬಾರದೆ ಹಿಂದಿಯೂ ಒಗ್ಗದೆ ಇಂಗ್ಲಿಷ್ ಸಬ್ ಹಿಡಿದಿದ್ದಾಳೆ. ನಿಮ್ಮ ಜಾತಿಯೇ ಅಂತ ಖುಷಿಪಡಬೇಡಿ. ಅವಳು ಒಂದು ಸಾಲು ಬಂದ ಕೂಡಲೇ ಪಾಸ್ ಒತ್ತುತ್ತಾಳೆ, ಗೊತ್ತಿಲ್ಲದ ಪದವನ್ನ ಇನ್ನೊಂದು ಆಪಿನಲ್ಲಿ ಹುಡುಕುತ್ತಾಳೆ, ವಾಪಸ್ ಬಂದು ಪ್ಲೇ ಒತ್ತುತ್ತಾಳೆ. ಇಪ್ಪತ್ತನಾಲ್ಕು ನಿಮಿಷದ ಎಪಿಸೋಡಿಗೆ ಒಂದು ಗಂಟೆ. ನೀವು ಇದನ್ನ ರಸಾಸ್ವಾದ ಅಂತೀರಾ? ನನ್ನ ಪ್ರಕಾರ ಇದು ಕೂಲಿ.

ಒಂದೇ ಜಿಲ್ಲೆ, ಒಂದೇ ಹುಚ್ಚು, ಮೂರು ಭಾಷೆ. ಮೂರರಲ್ಲಿ ಒಂದೂ ಆ ಜಿಲ್ಲೆಯ ಭಾಷೆಯಲ್ಲ. ಜಗಳೂರಿನವನೂ ನ್ಯಾಮತಿಯವಳೂ ಎದುರು ಕೂತು ತಮಗೆ ಇಷ್ಟವಾದ ಡೈಲಾಗ್ ಹಂಚಿಕೊಳ್ಳೋಣ ಅಂದ್ರೆ ಅವರ ಹತ್ತಿರ ಒಂದೇ ಡೈಲಾಗ್ ಇಲ್ಲ.

ಕಳೆದ ಸಲ ಬೆಂಗಳೂರಿನಲ್ಲಿ ನಡೆದ ಒಂದು ಕನ್ವೆನ್ಶನ್‌ಗೆ ಅವಳನ್ನ ಕರೆದುಕೊಂಡು ಹೋಗಿದ್ದೆ. ಯಾವುದು ಅನ್ನೋದು ಬೇಡ, ಈ ಊರಲ್ಲಿ ಇಂಥವು ಈಗ ಒಂದೆರಡಲ್ಲ. 2005ರಿಂದ ಜಪಾನ್ ಹಬ್ಬ ನಡೀತಿದೆ, 2012ರಿಂದ ಕಾಮಿಕ್ ಕಾನ್ ಬರ್ತಿದೆ, ಕಾಲೇಜುಗಳಲ್ಲಿ ಸಣ್ಣಪುಟ್ಟವು ಬೇರೆ. ಅಕ್ಕ ಫೋನ್ ಮಾಡಿ, "ಲೋ, ಅದೇನೋ ವೇಷ ಹಾಕ್ಕೊಂಡು ತಿರುಗೋ ಜಾತ್ರೆಯಂತೆ. ಇವಳು ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಕರ್ಕೊಂಡು ಹೋಗಿ ಬಾ, ನನ್ನ ತಲೆನೋವು ತಪ್ಪಲಿ" ಅಂದಳು. ಹಿಂದಿನಿಂದ ಅಪ್ಪನ ದನಿ: "ನಮ್ಮ ಕಾಲದಲ್ಲಿ ಹಗಲುವೇಷದೋರು ಬರ್ತಿದ್ರಲ್ಲ, ಹಂಗಾ?" ಕಾಸ್‌ಪ್ಲೇಗೆ ಇದಕ್ಕಿಂತ ಒಳ್ಳೇ ವಿವರಣೆ ನಾನು ಎಲ್ಲೂ ಕೇಳಿಲ್ಲ. (ಇದೇ ಅಪ್ಪನಿಗೆ ಬಿಟಿಎಸ್ ಅಂದ್ರೆ ಇವತ್ತಿಗೂ ಬೆಂಗಳೂರಿನ ಕೆಂಪು ಬಸ್ಸು, ರಜನಿಕಾಂತ್ ಕಂಡಕ್ಟರ್ ಆಗಿದ್ದದ್ದು. ಮೊಮ್ಮಗಳು ಏಳು ಜನ ಕೊರಿಯಾ ಹುಡುಗರ ಫೋಟೊ ತೋರಿಸಿದಾಗ "ಇಷ್ಟು ಜನ ಡ್ರೈವರ್ರಾ?" ಅಂತ ಕೇಳಿದ್ರು.)

ಅವಳು ನೆಝುಕೊ ಆಗಿದ್ದಳು. ಡೀಮನ್ ಸ್ಲೇಯರ್ ನೋಡದವರಿಗೆ: ಇದ್ದಿಲು ಮಾರುವ ಹುಡುಗ ತಂಜಿರೊ, ಅವನ ಮನೆಯವರನ್ನ ರಾಕ್ಷಸ ಕೊಂದು ಹಾಕ್ತಾನೆ, ಉಳಿದ ಒಬ್ಬಳೇ ತಂಗಿ ನೆಝುಕೊ ಕೂಡ ರಾಕ್ಷಸಿಯಾಗಿಬಿಡ್ತಾಳೆ. ಅವಳು ಯಾರನ್ನೂ ಕಚ್ಚದಿರಲಿ ಅಂತ ಬಾಯಿಗೆ ಬಿದಿರಿನ ತುಂಡು ಕಟ್ಟಿರ್ತಾರೆ. ಅಣ್ಣ ಅವಳನ್ನ ಪೆಟ್ಟಿಗೆಯಲ್ಲಿ ಕೂರಿಸಿ ಬೆನ್ನಮೇಲೆ ಹೊತ್ತುಕೊಂಡು ತಿರುಗ್ತಾನೆ. ನಮ್ಮ ನೆಝುಕೊಳ ಗುಲಾಬಿ ಕಿಮೊನೊ ನಮ್ಮಮ್ಮನ ಹಳೇ ಸೀರೆ. ಬೀದಿಯ ಟೈಲರಮ್ಮ ಫೋನಿನಲ್ಲಿ ಫೋಟೊ ನೋಡಿ ಕತ್ತರಿಸಿದ್ದು. "ಇದೇನು ಬ್ಲೌಸಾ, ನೈಟಿಯಾ, ಸರಿಯಾಗಿ ಹೇಳು" ಅಂತ ಆಯಮ್ಮ ಎರಡು ಸಲ ಕೇಳಿದಳಂತೆ. ಬಿದಿರಿನ ತುಂಡು ಹೊನ್ನಾಳಿಯಲ್ಲಿ ಬುಟ್ಟಿ ಹೆಣೆಯುವ ಮೇದಾರರ ಅಜ್ಜ ಪುಕ್ಕಟೆ ಕೊಯ್ದು ಕೊಟ್ಟದ್ದು. ಬಾಯಿಗೆ ಚುಚ್ಚಬಾರದು ಅಂತ ಅಂಚು ನಯಮಾಡಿ ಕೊಟ್ಟಿದ್ದ. ಆನ್‌ಲೈನಿನಲ್ಲಿ ತರಿಸಿದ ಪಾಲಿಯೆಸ್ಟರ್ ಕಿಮೊನೊಗಳ ನಡುವೆ ನಮ್ಮ ಹುಡುಗಿಯದೇ ಬಟ್ಟೆ ಅನ್ನೋ ಹಾಗಿದ್ದದ್ದು. ಮೂರು ಜನ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. ಅವಳ ಮುಖ ನೋಡಬೇಕಿತ್ತು ನೀವು.

ಮಧ್ಯಾಹ್ನ ಸ್ಟೇಜಿನಲ್ಲಿ ಕ್ವಿಜ್. ನಿರೂಪಕ ಇಂಗ್ಲಿಷಿನಲ್ಲಿ ಕೇಳ್ತಾನೆ, ಜೋಕು ಹಿಂದಿಯಲ್ಲಿ ಹೊಡೀತಾನೆ. ತಂಜಿರೊಗೆ ಮೊದಲು ಕಲಿಸಿದ ಉಸಿರಾಟದ ವಿದ್ಯೆ ಯಾವುದು, ಕಲಿಸಿದ ಗುರು ಯಾರು ಅನ್ನೋ ಪ್ರಶ್ನೆ ಬಂತು. ಮಕ್ಕಳಾಟದ ಪ್ರಶ್ನೆ. ನಮ್ಮವಳು ಕೈ ಎತ್ತಿದಳು. ಮೈಕು ಬಂತು. ಬಿದಿರು ಕೆಳಗಿಳಿಸಿ, "ನೀರಿನ ಉಸಿರಾಟ, ಉರೊಕೊದಾಕಿ ಕಲಿಸಿದ್ದು" ಅಂದಳು. ಕನ್ನಡದಲ್ಲಿ. ನಿರೂಪಕ "ಇಂಗ್ಲಿಷ್? ಹಿಂದಿ?" ಅಂದ. ಅವಳು ಇನ್ನೊಂದು ಸಲ, ಸಣ್ಣ ದನಿಯಲ್ಲಿ, ಅದನ್ನೇ ಅಂದಳು. ಅವನು ನಗ್ತಾ ಏನೋ ಅಂದ, ಸಭೆ ನಕ್ಕಿತು, ಮೈಕು ಪಕ್ಕದವನಿಗೆ ಹೋಯ್ತು. ಪಕ್ಕದವನು "ವಾಟರ್ ಬ್ರೀದಿಂಗ್" ಅಂದ, ಕೀಚೈನ್ ಗೆದ್ದ.

ನನಗೆ ಆ ನಿರೂಪಕನ ಮೇಲೆ ಅಂಥ ಸಿಟ್ಟಿಲ್ಲ. ಅವನಿಗೆ ಕನ್ನಡ ಬರಲ್ಲ, ಉತ್ತರ ಸರಿಯೋ ತಪ್ಪೋ ಗೊತ್ತಾಗೋದು ಹೇಗೆ? ಸಿಟ್ಟು ನಕ್ಕವರ ಮೇಲೆ. ಯಾಕಂದ್ರೆ ಅದಕ್ಕೆ ಹತ್ತು ನಿಮಿಷ ಮೊದಲು ರಾಮೆನ್ ಕ್ಯೂನಲ್ಲಿ ನಿಂತಿದ್ದಾಗ ನನ್ನ ಹಿಂದೆ ಮುಂದೆ ಕೇಳಿದ್ದೆಲ್ಲ ಕನ್ನಡ. "ಮಗಾ, ನಾನೂರೈವತ್ತು ರೂಪಾಯಿ ಶಾವಿಗೆಗೆ ಕೊಡ್ಬೇಕಾ" ಅಂತ ಗೊಣಗಿದವನು ನರುಟೊ, ಅವನ ಜೊತೆ ಇದ್ದ ಸಸುಕೆಯ ಊರು ಹಾಸನ. ಊಟದ ಸಾಲಿನಲ್ಲಿ ಕನ್ನಡ, ಮೈಕಿನ ಮುಂದೆ ಇಲ್ಲ. ಆ ಸಭೆಯಲ್ಲಿ ಒಬ್ಬನೇ ಒಬ್ಬ ಎದ್ದು "ಅವಳ ಉತ್ತರ ಸರಿ ಇದೆ, ಕೀಚೈನ್ ಕೊಡಿ" ಅಂತ ಕೂಗಬಹುದಿತ್ತು. ನಾನು ಕೂಗಿದೆ. ದೂರದಲ್ಲಿದ್ದೆ, ಸ್ಪೀಕರಿನ ಸದ್ದಿನಲ್ಲಿ ನನ್ನದು ಕೇಳಲಿಲ್ಲ. ಹತ್ತಿರ ಕೂತವರಿಗೆ ಬಾಯಿ ಇರಲಿಲ್ಲವಾ?

ವಾಪಸ್ ಮೆಟ್ರೊದಲ್ಲಿ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬಿದಿರಿನ ತುಂಡನ್ನ ಬೆರಳಲ್ಲಿ ತಿರುಗಿಸ್ತಾ ಕೇಳಿದಳು: "ಮಾಮ, ತೆಲುಗಲ್ಲಿ ಐತೆ, ತಮಿಳಲ್ಲಿ ಐತೆ. ನಮ್ದು ಯಾಕಿಲ್ಲ?"

ಮೆಜೆಸ್ಟಿಕ್ ಬರುವುದರೊಳಗೆ ಅರವತ್ತು ವರ್ಷದ ಕಥೆ ಹೇಳಬೇಕಾಯ್ತು. ನಿಮಗೂ ಹೇಳ್ತೀನಿ, ಆ ಹದಿನೇಳು ಜನರಲ್ಲಿ ಬಹಳಷ್ಟು ಮಂದಿ ಇದನ್ನ ಕೇಳಿರಲಾರಿರಿ.

ಐವತ್ತು, ಅರವತ್ತರ ದಶಕದಲ್ಲಿ ಪಕ್ಕದ ಭಾಷೆಗಳ ಸಿನಿಮಾಗಳು ಕನ್ನಡಕ್ಕೆ ಡಬ್ ಆಗಿ ಬರ್ತಿದ್ವು. ಆಗ ಕನ್ನಡ ಚಿತ್ರರಂಗ ಇನ್ನೂ ಮದರಾಸಿನ ಸ್ಟುಡಿಯೊಗಳಲ್ಲಿ ಬಾಡಿಗೆಗೆ ಇದ್ದ ಕೂಸು. ದೊಡ್ಡ ಬಂಡವಾಳದ ಚಿತ್ರಗಳು ಡಬ್ ಆಗಿ ಬಂದರೆ ಇದು ಉಳಿಯಲ್ಲ ಅಂತ ಅ.ನ.ಕೃ., ರಾಜ್‌ಕುಮಾರ್ ಮುಂತಾದವರು ಎದ್ದು ನಿಂತರು. ಡಬ್ಬಿಂಗ್ ನಿಂತಿತು. ಆ ಕಾಲಕ್ಕೆ ಅದು ಸರಿಯೇ ಇತ್ತು ಅನ್ನೋದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಎಪ್ಪತ್ತರ ದಶಕದ ಕನ್ನಡ ಸಿನಿಮಾ ಆ ರೂಪದಲ್ಲಿ ಇರ್ತಿತ್ತೋ ಇಲ್ಲವೋ.

ತೊಂದರೆ ಏನಂದ್ರೆ ಕೂಸು ಬೆಳೆದು, ಮದುವೆಯಾಗಿ, ಮೊಮ್ಮಕ್ಕಳಾದರೂ ತೊಟ್ಟಿಲಿಗೆ ಕಟ್ಟಿದ ಸೊಳ್ಳೆಪರದೆ ಬಿಚ್ಚಲಿಲ್ಲ. ಡಬ್ಬಿಂಗ್ ಮಾಡಬಾರದು ಅಂತ ಯಾವ ಕಾನೂನೂ ಇರಲಿಲ್ಲ, ಇದ್ದದ್ದು ಕಟ್ಟುಪಾಡು. ರೀಮೇಕ್‌ಗೆ ಮಾತ್ರ ಅಡ್ಡಿಯಿಲ್ಲ. ತಮಿಳಿನ ಕಥೆ ತೆಗೆದುಕೊಂಡು, ಹೀರೊ ಬದಲಿಸಿ, ಅದೇ ಕ್ಯಾಮೆರಾ ಆ್ಯಂಗಲ್ ಇಟ್ಟರೆ ಅದು ಕನ್ನಡ ಸಂಸ್ಕೃತಿ! 2012ರಲ್ಲಿ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಲ್ಲಿ ಬಂದಾಗ ಕನ್ನಡದ ಟಿವಿಯಲ್ಲಿ ಡಬ್ ಆಗಿ ಬರಲು ಬಿಡಲಿಲ್ಲ. ಹೆಣ್ಣುಭ್ರೂಣ ಹತ್ಯೆಯ ಬಗ್ಗೆ ಮಾತಾಡಿದ ಕಾರ್ಯಕ್ರಮ ಅದು. 2014ರ ಜನವರಿಯಲ್ಲಿ ಡಬ್ಬಿಂಗ್ ವಿರೋಧಿಸಿ ಇಡೀ ಚಿತ್ರರಂಗ ಬೀದಿಗಿಳಿಯಿತು. ಕೊನೆಗೆ ಕನ್ನಡದ್ದೇ ಗ್ರಾಹಕರ ಕೂಟವೊಂದು ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿ ಮತ್ತಿತರ ಸಂಘಗಳಿಗೆ ದಂಡ ಹಾಕಿತು. 2017ರಲ್ಲಿ ಅಜಿತ್‌ನ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡ ಮಾತಾಡಿತು. ಭೂಮಿ ಬಿರಿಯಲಿಲ್ಲ. ಅದರ ಮರುವರ್ಷವೇ ‘ಕೆಜಿಎಫ್’ ಬಂತು.

ಇನ್ನೂ ಒಂದು ವಿಷಯ. 2009ರಲ್ಲಿ, ಅಂದ್ರೆ ಅಕ್ಕನ ಮಗಳು ಹುಟ್ಟಿದ ವರ್ಷ, ಚಿಂಟು ಟಿವಿ ಶುರುವಾಯ್ತು. ಡಬ್ ಆದ ಕಾರ್ಟೂನುಗಳು ಕನ್ನಡದ ಮನೆಗಳಲ್ಲಿ ಕನ್ನಡ ಮಾತಾಡಿದವು. ಅದರ ಎದುರು ಊಟ ಮಾಡಿದ ಮಕ್ಕಳೇ ಇವತ್ತು ಕನ್ನಡ ಸಿನಿಮಾದ ಮೊದಲ ದಿನ ಮೊದಲ ಶೋಗೆ ಹೋಗ್ತಿರೋದು. ಈಗಲೂ ಕೆಲವು ಮಕ್ಕಳ ಚಾನೆಲ್‌ಗಳಲ್ಲಿ ಕನ್ನಡ ಆಡಿಯೊ ಇದೆ. ಅಂದ್ರೆ ಏಳು ವರ್ಷದ ಮಗುವಿಗೆ ಕನ್ನಡ ಸಾಕು, ಹದಿನಾರಾದ ಕೂಡಲೇ ಬೇರೆ ಭಾಷೆಯ ಮನೆಗೆ ಹೋಗು. ಕನ್ನಡ ಅನ್ನೋದು ಮಗುವಿನ ಚಡ್ಡಿ ಇದ್ದಂಗೆ, ಬೆಳೀತಿದ್ದಂಗೆ ಬಿಗಿಯಾಗುತ್ತೆ.

ಈ ಕಥೆಯನ್ನೆಲ್ಲ ಕೇಳಿ ಅವಳು ಅಂದದ್ದು: "ಹಂಗಾದ್ರೆ 2015ಕ್ಕೇ ಮುಗೀತಲ್ಲ ಮಾಮ. ಈಗ ಯಾರು ತಡೀತಿದಾರೆ?"

ಉತ್ತರ ಹೇಳ್ತೀನಿ, ಬೇಜಾರಾಗಬೇಡಿ. ಈಗ ತಡೀತಿರೋದು ನೀವು.

ಲೆಕ್ಕ ಹಾಕಿ ನೋಡಿ. ಕ್ರಂಚಿರೋಲ್ 2022ರಲ್ಲಿ ಭಾರತಕ್ಕೆ ತಿಂಗಳಿಗೆ 79 ರೂಪಾಯಿ ಅಂತ ದರ ಇಳಿಸಿತು. ಮರುವರ್ಷ ತಮಿಳು, ತೆಲುಗು ಡಬ್ ಶುರು ಮಾಡಿತು. ಇವರಿಗೆ ತಮಿಳಿನ ಮೇಲೆ ಪ್ರೀತಿ, ಕನ್ನಡದ ಮೇಲೆ ದ್ವೇಷ ಅಂತೇನಿಲ್ಲ. ಕಂಪನಿ ನೋಡೋದು ಯಾರು ದುಡ್ಡು ಕೊಡ್ತಾರೆ, ಯಾವ ಆಡಿಯೊ ಒತ್ತುತ್ತಾರೆ, ಏನು ಕೇಳ್ತಾರೆ ಅಂತ. ಕರ್ನಾಟಕದಲ್ಲಿ ದುಡ್ಡು ಕೊಡುವವರು ಹೆಚ್ಚಾಗಿ ನೀವು, ಬೆಂಗಳೂರಿನ ಸಂಬಳದವರು. ನೀವು ಒತ್ತೋದು ಜಪಾನಿ ಮತ್ತು ಇಂಗ್ಲಿಷ್ ಸಬ್. ನಿಮ್ಮ ಪ್ರೊಫೈಲಿನ ಭಾಷೆ ಇಂಗ್ಲಿಷ್. ಕನ್ನಡ ಬೇಕು ಅಂತ ಒಂದು ಸಾಲು ಬರೆದವರಲ್ಲ. ಕಂಪನಿಯ ಎಕ್ಸೆಲ್ ಶೀಟಿನಲ್ಲಿ ಕರ್ನಾಟಕ ಅಂದ್ರೆ ಇಂಗ್ಲಿಷ್ ಬಲ್ಲ, ಹಿಂದಿ ಸಹಿಸುವ, ತೆಲುಗು ತಮಿಳು ಅರ್ಥವಾಗುವ, ಹೇಗೂ ಅಡ್ಜಸ್ಟ್ ಮಾಡಿಕೊಳ್ಳುವ ರಾಜ್ಯ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಯುರೋಪಿನ ಎಷ್ಟೋ ದೇಶಗಳ ಜನಸಂಖ್ಯೆ ಇದಕ್ಕಿಂತ ಕಡಿಮೆ. ಆ 4.37 ಕೋಟಿಯ ಪರವಾಗಿ ನೀವು ಕೆಲವು ಸಾವಿರ ಮಂದಿ "ಕಾಮಿಡಿ ಆಗಿರೋದು" ಅಂತ ತೀರ್ಪು ಕೊಟ್ಟುಬಿಟ್ರಿ. ನ್ಯಾಮತಿಯವಳನ್ನ ಯಾರೂ ಕೇಳಲಿಲ್ಲ.

ಪಟ್ಟಿ ಇಷ್ಟಕ್ಕೇ ನಿಲ್ಲಲ್ಲ. ‘ಸ್ಕ್ವಿಡ್ ಗೇಮ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಜಪಾನಿನ ಯುಗೊ ಸಾಕೊ ಹಟ ಹಿಡಿದು ಭಾರತದವರ ಜೊತೆ ಸೇರಿ ಮಾಡಿದ ಅನಿಮೆ ರಾಮಾಯಣ 2025ರ ಜನವರಿಯಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕಿಷ್ಕಿಂಧೆ ನಮ್ಮ ಹಂಪಿ ಹತ್ತಿರದ್ದೇ ಅಂತ ಪ್ರವಾಸಿಗರಿಗೆ ತೋರಿಸ್ತೀವಿ, ಆದ್ರೆ ಹನುಮಂತ ಕನ್ನಡ ಮಾತಾಡಲಿಲ್ಲ. ಇನ್ನು ಭಾರತದಲ್ಲಿ ಅನಿಮೆ ಪ್ರಚಾರಕ್ಕೆ ಕ್ರಂಚಿರೋಲ್ ಆರಿಸಿದ್ದು ರಶ್ಮಿಕಾ ಮಂದಣ್ಣ ಅವರನ್ನ. 2024ರಲ್ಲಿ ಟೋಕಿಯೊದ ಅನಿಮೆ ಪ್ರಶಸ್ತಿ ಸಮಾರಂಭಕ್ಕೂ ಹೋಗಿ ಬಂದರು. ವಿರಾಜಪೇಟೆಯ ಹುಡುಗಿ, ‘ಕಿರಿಕ್ ಪಾರ್ಟಿ’ಯಿಂದ ಶುರು ಮಾಡಿದವರು. ಮುಖ ನಮ್ಮದು, ಮಾತು ಇನ್ಯಾರದೋ. ಅವರನ್ನ ಬೈಯೋಕೆ ಕಾಯ್ತಿರುವವರು ದಯವಿಟ್ಟು ಕೂತ್ಕೊಳ್ಳಿ. ಆಡಿಯೊ ಪಟ್ಟಿ ಅವರು ಮಾಡಿದ್ದಲ್ಲ.

ಹೊರಗೆ ಹೋಗುವಾಗ ಮಾತ್ರ ನಮಗೆ ಡಬ್ಬಿಂಗ್ ಅಂದ್ರೆ ಹೆಮ್ಮೆ. ಕೆಜಿಎಫ್ ಹಿಂದಿಗೆ ಡಬ್ ಆಯ್ತು, ಸ್ಟೇಟಸ್ ಹಾಕಿದ್ವಿ. ಕಾಂತಾರ ಹಿಂದಿಗೆ ಹೋಯ್ತು, ಇನ್ನೂ ದೊಡ್ಡ ಸ್ಟೇಟಸ್. 2023ರಲ್ಲಿ ರಾಕಿ ಭಾಯ್ ಜಪಾನಿನ ಥಿಯೇಟರಿಗೇ ಹೋದ. ಟೋಕಿಯೊದವನಿಗೆ ನಮ್ಮ ಹೀರೊ ಅವನ ಭಾಷೆಯಲ್ಲಿ ಅರ್ಥವಾಗಬೇಕು, ಜಗಳೂರಿನವನಿಗೆ ಜಪಾನಿನ ಹೀರೊ ತೆಲುಗಿನಲ್ಲಿ ಅರ್ಥವಾದರೆ ಸಾಕು. ಇದು ಯಾವ ಊರಿನ ಸ್ವಾಭಿಮಾನ?

ಇನ್ನು ನಿಮ್ಮ ರಸಿಕತೆಯ ವಾದಕ್ಕೆ ಬರೋಣ, ಮೂಲದ ಸೊಗಸು ಡಬ್ಬಿನಲ್ಲಿ ಹಾಳಾಗುತ್ತೆ ಅನ್ನೋದು. ಮೊದಲನೇದಾಗಿ, ನಿಮಗೆ ಜಪಾನಿ ಬರಲ್ಲ. ನೀವು ಓದ್ತಿರೋದು ಇಂಗ್ಲಿಷ್ ಅನುವಾದ. ಅನುವಾದವನ್ನ ಕಣ್ಣಿನಿಂದ ತಗೊಂಡರೆ ಮಡಿ, ಕಿವಿಯಿಂದ ತಗೊಂಡರೆ ಮೈಲಿಗೆಯಾ?

ಎರಡನೇದು ಇದಕ್ಕಿಂತ ಮುಖ್ಯ. ಜಪಾನಿಗೆ ಇಂಗ್ಲಿಷಿಗಿಂತ ಕನ್ನಡ ಎಷ್ಟೋ ವಿಷಯದಲ್ಲಿ ಹತ್ತಿರದ ಮನೆ. "ವಾತಾಶಿ ವ ಗೋಹನ್ ಒ ತಬೆತ" ಅಂದ್ರೆ "ನಾನು ಅನ್ನ ತಿಂದೆ". ಪದಗಳ ಸಾಲು ನೋಡಿ, ಹಾಗೇ ಪಕ್ಕಪಕ್ಕ ಕೂರುತ್ತೆ. ಕ್ರಿಯಾಪದ ಕೊನೆಗೆ. ಈ ರಚನೆಯಿಂದಲೇ ಜಪಾನಿ ಬರಹಗಾರ ವಾಕ್ಯದ ಕೊನೆಯವರೆಗೂ ನಿಮ್ಮನ್ನ ಕಾಯಿಸ್ತಾನೆ, ತಿಂದೆನೋ, ತಿನ್ನಲಿಲ್ಲವೋ ಅಂತ. ಇಂಗ್ಲಿಷ್ ಸಬ್ ಅದನ್ನ ಮೊದಲೇ ಒದರಿಬಿಡುತ್ತೆ. ಕನ್ನಡ ಕಾಯಿಸಬಲ್ಲದು.

ನೆಝುಕೊ ತಂಜಿರೊನನ್ನ ಹೆಸರು ಹಿಡಿದು ಕರೆಯಲ್ಲ, "ಓನೀಚಾನ್" ಅಂತಾಳೆ. ಇಂಗ್ಲಿಷ್ ಸಬ್ ಒಮ್ಮೊಮ್ಮೆ "ಬಿಗ್ ಬ್ರದರ್" ಅನ್ನುತ್ತೆ, ಒಮ್ಮೊಮ್ಮೆ ಸೋತು "ತಂಜಿರೊ" ಅಂತ ಹಾಕಿ ಮುಗಿಸುತ್ತೆ. ಯಾವ ಅಮೆರಿಕದ ತಂಗಿ ತನ್ನ ಅಣ್ಣನನ್ನ "ಬಿಗ್ ಬ್ರದರ್, ಇಲ್ಲಿ ಬಾ" ಅಂತಾಳೆ ಹೇಳಿ? ಕನ್ನಡದಲ್ಲಿ ಇದಕ್ಕೆ ಕಷ್ಟಪಡೋ ಅಗತ್ಯವೇ ಇಲ್ಲ. ಅಣ್ಣ. ಆ ಒಂದು ಪದದಲ್ಲಿ ಸಲಿಗೆಯೂ ಇದೆ, ಗೌರವವೂ ಇದೆ, ಅಪ್ಪ ಸತ್ತ ಮನೆಯಲ್ಲಿ ಜವಾಬ್ದಾರಿ ಹೊತ್ತ ಹಿರಿಮಗನ ಭಾರವೂ ಇದೆ. ತಂಜಿರೊ ನೋವಾದಾಗೆಲ್ಲ ನಾನು ಹಿರಿಮಗ, ತಡ್ಕೋಬಲ್ಲೆ ಅಂತ ತನಗೆ ತಾನೇ ಹೇಳಿಕೊಳ್ತಾನಲ್ಲ, ಇಂಗ್ಲಿಷಿನವರು ಅದನ್ನ ಮೀಮ್ ಮಾಡಿ ನಕ್ಕರು. ನಮ್ಮ ಅಕ್ಕನಿಗೆ ನಾನು ಅದನ್ನ ಕನ್ನಡದಲ್ಲಿ ಹೇಳಿದಾಗ ಅವಳು ನಗಲಿಲ್ಲ. "ಪಾಪ" ಅಂದಳು. ಹಿರಿಮಗಳು ಅವಳು.

ನರುಟೊ ಕಥೆ ಏನು? ಊರವರೆಲ್ಲ ಸೇರಿ ದೂರ ಇಟ್ಟ ಹುಡುಗ. ತಮ್ಮ ಮಕ್ಕಳನ್ನ ಅವನ ಜೊತೆ ಆಡೋಕೆ ಬಿಡಲ್ಲ, ಯಾಕೆ ಅಂತಲೂ ಹೇಳಲ್ಲ. ಇದನ್ನ ಅರ್ಥ ಮಾಡಿಸೋಕೆ ನಮ್ಮ ಹಳ್ಳಿಗಳಲ್ಲಿ ಅಡಿಟಿಪ್ಪಣಿ ಬೇಕಾ? ಆ ಹುಡುಗ ಊರಿನ ಹಿರಿತಲೆಯಾಗ್ತೀನಿ ಅಂತ ಕನ್ನಡದಲ್ಲಿ ಕೂಗಿದರೆ ಅದು ಯಾರ್ಯಾರಿಗೆ ಎಲ್ಲೆಲ್ಲಿ ತಾಗುತ್ತೆ ಅಂತ ಯೋಚಿಸಿ.

ಜಪಾನಿ ಸದ್ದುಗಳನ್ನೇ ತಗೊಳ್ಳಿ. ಎದೆ ‘ದೊಕಿದೊಕಿ’ ಅನ್ನುತ್ತೆ, ಗುಡುಗು ‘ಗೊರೊಗೊರೊ’ ಅನ್ನುತ್ತೆ, ಹೊಳೆಯೋದೆಲ್ಲ ‘ಪಿಕಾಪಿಕಾ’. ಇಂಗ್ಲಿಷಿಗೆ ಇದು ತಲೆನೋವು. ನಮಗೆ? ಡವಡವ, ಗುಡುಗುಡು, ಪಳಪಳ. ಮಕ್ಕಳು ಕೂಡ ಅನುವಾದ ಮಾಡಬಲ್ಲರು.

ಹಾಗಂತ ಕೆಟ್ಟ ಡಬ್ ಇಲ್ಲ ಅಂತ ನಾನು ಹೇಳ್ತಿಲ್ಲ. "ಇದೀಗ ಪ್ರಯತ್ನಿಸಿ, ನಿಮ್ಮ ತ್ವಚೆಯು ಹೊಳೆಯುವುದು" ಅನ್ನೋ ಸೋಪಿನ ಜಾಹೀರಾತಿನ ಕನ್ನಡ ನಮ್ಮ ಕಿವಿಗೆ ಮಾಡಿದ ಗಾಯ ನನಗೂ ಗೊತ್ತು. "ಕಾಮಿಡಿ" ಅಂದವನ ತಲೆಯಲ್ಲಿ ಇದ್ದದ್ದು ಅದೇ ಇರಬೇಕು. ಆದ್ರೆ ಅದಕ್ಕೆ ಪರಿಹಾರ ಒಳ್ಳೇ ಬರಹಗಾರರೇ ಹೊರತು ಬಾಗಿಲು ಹಾಕೋದಲ್ಲ. ದಾವಣಗೆರೆಯಂಥ ಊರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರದು. ಮೈಕಿಲ್ಲದೆ ಕೊನೇ ಸಾಲಿನ ನಾಲ್ಕಾಣೆ ಟಿಕೆಟ್ಟಿನವನಿಗೆ ಮಾತು ಮುಟ್ಟಿಸುವ ವಿದ್ಯೆ ಇನ್ನೂ ಅಲ್ಲಿ ಕೆಲವರ ಗಂಟಲಲ್ಲಿದೆ, ಬಹಳ ಮಂದಿಗೆ ಕೆಲಸ ಇಲ್ಲ. ಹಂದಿ ತಲೆ ಹಾಕ್ಕೊಂಡು ಎಲ್ಲರ ಹೆಸರನ್ನೂ ತಪ್ಪು ಕರೆಯುವ ಇನೊಸುಕೆಗೆ ಜಗಳೂರಿನ ಒರಟು ಮಾತು ಕೊಡಿ, ಅಳುಮುಂಜಿ ಝೆನಿತ್ಸುಗೆ ಮೈಸೂರಿನ ರಾಗ ಕೊಡಿ. ಯಾರು ನಗ್ತಾರೆ, ಎಲ್ಲಿ ನಗ್ತಾರೆ ನೋಡೋಣ. ಡಬ್ಬಿಂಗ್ ಕಲಾವಿದರ ಹೊಟ್ಟೆ ಮೇಲೆ ಹೊಡೆಯುತ್ತೆ ಅನ್ನೋರಿಗೂ ಇದೇ ಉತ್ತರ. ಜಪಾನಿನಲ್ಲಿ ಪಾತ್ರಕ್ಕೆ ದನಿ ಕೊಡೋರಿಗೆ ‘ಸೇಯೂ’ ಅಂತ ಹೆಸರಿದೆ, ಅವರ ಸಹಿಗೆ ಜನ ಸಾಲು ನಿಲ್ತಾರೆ.

"ಹೊರಗಿನದು ಬಂದ್ರೆ ನಮ್ಮದು ಹೋಗುತ್ತೆ" ಅನ್ನೋ ಹಿರಿಯರಿಗೂ ಒಂದು ಮಾತು. ಕನ್ನಡದಲ್ಲಿ ಕಾದಂಬರಿ ಓದೋ ಚಟ ಹಿಡಿಸಿದವರಲ್ಲಿ ಬಿ. ವೆಂಕಟಾಚಾರ್ಯರು ಮೊದಲಿಗರು, ಅವರು ತಂದದ್ದು ಬಂಕಿಮಚಂದ್ರರ ಬಂಗಾಳಿ ಕಥೆಗಳನ್ನ. ಕುವೆಂಪು ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ತಂದು ‘ರಕ್ತಾಕ್ಷಿ’ ಮಾಡಿದರು. ಗಿರೀಶ್ ಕಾರ್ನಾಡರು ಕುರೊಸಾವಾನ ಸಮುರಾಯ್ ಚಿತ್ರಗಳನ್ನ ನೋಡಿ, ಅದರ ಗುಂಗಿನಲ್ಲಿ 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಶಂಕರ್‌ನಾಗ್ ನಮಗೆ ಸಿಕ್ಕಿದ್ದು ಆ ಚಿತ್ರದಿಂದ. ಜಪಾನ್ ಬಂದು ಕನ್ನಡದ್ದೇನಾದರೂ ಕಸಿಯಿತಾ? ಕಾರ್ನಾಡರಿಗೆ ಇಂಗ್ಲಿಷ್ ಚೆನ್ನಾಗಿತ್ತು, ಅವರು ಎಲ್ಲಿಂದ ಬೇಕಾದರೂ ತರಬಲ್ಲವರಾಗಿದ್ದರು. ನ್ಯಾಮತಿಯ ಹುಡುಗಿಗೂ ಅದೇ ಕಪಾಟಿನ ಬೀಗದ ಕೈ ಬೇಕು. ಅವಳು ಅದರಿಂದ ಏನು ಮಾಡ್ತಾಳೆ ಅನ್ನೋದು ಅವಳಿಗೆ ಬಿಟ್ಟದ್ದು. ಸದ್ಯಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಕಾಮಿಕ್ಸ್ ಬಿಡಿಸ್ತಿದ್ದಾಳೆ. ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ರಾತ್ರಿ ಹೊತ್ತು ಹುಡುಗನಾಗುವ ಕಥೆ. ಮೊದಲ ಪುಟಗಳಲ್ಲಿ ಪಾತ್ರಗಳು ಮುರುಕು ಇಂಗ್ಲಿಷ್ ಮಾತಾಡ್ತಿದ್ದವು, ಯಾಕಂದ್ರೆ ಅನಿಮೆ ಪಾತ್ರಗಳು ಕನ್ನಡ ಮಾತಾಡೋದನ್ನ ಅವಳು ಕೇಳಿಯೇ ಇಲ್ಲ.

2025ರಲ್ಲೇ ‘ಮಹಾವತಾರ ನರಸಿಂಹ’ ಬಂತಲ್ಲ, ಅದೂ ಅನಿಮೇಶನ್ನೇ. ಕನ್ನಡದಲ್ಲೂ ಬಂತು. ನಮ್ಮೂರ ಕಡೆ ಅಜ್ಜಿಯಂದಿರ ಸಮೇತ ಹೋಗಿ ನೋಡಿದರು. ಬೊಂಬೆ ಸಿನಿಮಾ ಕನ್ನಡದಲ್ಲಿ ಯಾರು ನೋಡ್ತಾರೆ ಅನ್ನೋ ಪ್ರಶ್ನೆ ಅಲ್ಲಿಗೆ ಮುಗೀಬೇಕಿತ್ತು.

ನೀವು ಸಬ್ಬೇ ನೋಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಮುಂದಿನ ಸಲ ಆಪ್ ತೆರೆದಾಗ ಸಹಾಯ ವಿಭಾಗಕ್ಕೆ ಹೋಗಿ ಎರಡು ಸಾಲು ಬರೀರಿ: ಕನ್ನಡ ಆಡಿಯೊ ಬೇಕು, ಅದಾಗದಿದ್ದರೆ ಮೊದಲು ಕನ್ನಡ ಸಬ್‌ಟೈಟಲ್ ಕೊಡಿ. ಡಬ್ ಇದ್ದ ಕಡೆ ಒಂದು ಎಪಿಸೋಡಾದರೂ ಹಾಕಿ ಬಿಡಿ, ಪಕ್ಕದಲ್ಲಿ ಪಾತ್ರೆ ತೊಳೀತಾ ಇದ್ರೂ ಪರವಾಗಿಲ್ಲ, ಲೆಕ್ಕಕ್ಕೆ ಸಿಗುತ್ತೆ. ನಿಮ್ಮಲ್ಲಿ ಎಷ್ಟೋ ಜನ ಇದೇ ಸ್ಟ್ರೀಮಿಂಗ್ ಕಂಪನಿಗಳಲ್ಲಿ, ಅವರಿಗೆ ಸಾಫ್ಟ್‌ವೇರ್ ಬರೆಯುವ ಔಟರ್ ರಿಂಗ್ ರೋಡಿನ ಆಫೀಸುಗಳಲ್ಲೇ ಕೆಲಸ ಮಾಡ್ತೀರಿ, ಮೀಟಿಂಗಿನಲ್ಲಿ ಭಾಷೆಗಳ ಪಟ್ಟಿ ಬಂದಾಗ ಕೈ ಎತ್ತಿ. ಕನ್ವೆನ್ಶನ್ ನಡೆಸುವ ಗೆಳೆಯರಿದ್ದರೆ ಸ್ಟೇಜಿಗೆ ಕನ್ನಡ ಬಲ್ಲ ಒಬ್ಬನನ್ನ ಹತ್ತಿಸೋಕೆ ಹೇಳಿ. ಇನ್ಫಿನಿಟಿ ಕ್ಯಾಸಲ್ ಮೂರು ಭಾಗದ ಚಿತ್ರ, ಇನ್ನೂ ಎರಡು ಬಾಕಿ ಇವೆ. ಮುಂದಿನದು ಬಂದಾಗಲೂ ಆ ಪಟ್ಟಿಯನ್ನ ಅದೇ ವಾಟ್ಸಾಪ್ ಗುಂಪಿಗೆ ಹಾಕ್ತೀನಿ.